ತಾಯಿಯ ಕಣ್ಣೀರು, ದೇವರ ಸಂಕಲ್ಪ



ವಿಶ್ವಾಸಕ್ಕಾಗಿ ವಿರೋಧ ಎದುರಿಸಿದವರ ಕಥೆ ಎಂದೊಡನೆ ನಮ್ಮ ಮನಸ್ಸು ರೋಮಿನ ಚಕ್ರವರ್ತಿಗಳ ಕಡೆಗೆ, ಸೆರೆಮನೆಗಳ ಕಡೆಗೆ ಓಡುತ್ತದೆ. ಅಲ್ಲಿ ಎಲ್ಲವೂ ಸ್ಪಷ್ಟ. ಹಿಂಸಿಸುವವನು ಕೆಟ್ಟವನು, ಸಹಿಸುವವರು ಸಂತರು. ಆದರೆ ವಿರೋಧಿಸುವವರು ನಮ್ಮನ್ನು ಹೆತ್ತವರೇ ಆದರೆ? ಅವರೂ ದೇವರಿಗೆ ಅಂಜಿ ನಡೆಯುವವರಾದರೆ? ನಮಗೆ ಮೊದಲ ಪ್ರಾರ್ಥನೆ ಕಲಿಸಿದ ಬಾಯಿಯೇ ಈಗ “ನೀನು ಹಿಡಿದ ದಾರಿ ಸರಿಯಲ್ಲ” ಎಂದು ಅತ್ತರೆ? ಆಗ ಏನು ಮಾಡಬೇಕು?

ಈ ಪ್ರಶ್ನೆ ಯಾರಿಗೂ ಬಾರದಿರಲಿ ಎಂದು ಹಾರೈಸಬಹುದು. ಆದರೂ ಅದು ಬರುತ್ತದೆ. ಬೇರೆ ಮನೆತನದಿಂದ ಬಂದು ದೀಕ್ಷಾಸ್ನಾನ ಪಡೆದವರಿಗೆ ಬರುತ್ತದೆ. ಕನ್ಯಾಮಠಕ್ಕೆ ಹೋಗುತ್ತೇನೆಂದ ಮಗಳಿಗೆ ನಮ್ಮದೇ ಕಥೋಲಿಕ ಮನೆಗಳಲ್ಲೂ ಬರುತ್ತದೆ. ಆದ್ದರಿಂದ ಈ ವಾರದ ಪಾಠಕ್ಕೆ ಆಗಸ್ಟ್ 9ರಂದು ಧರ್ಮಸಭೆ ಸ್ಮರಿಸುವ ಸಂತರೊಬ್ಬರ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರು ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ. ಮನೆಯಲ್ಲಿ ಇಟ್ಟ ಹೆಸರು ಎಡಿತ್ ಸ್ಟೈನ್. ಅವರು ಔಶ್ವಿಟ್ಜ್ ಎಂಬ ಯಾತನಾ ಶಿಬಿರದಲ್ಲಿ ಪ್ರಾಣ ಕೊಟ್ಟರೆಂಬುದನ್ನು ನೀವು ಕೇಳಿರಬಹುದು. ಆ ಕೊನೆಯನ್ನು ಎಲ್ಲರೂ ಹೇಳುತ್ತಾರೆ. ನಾವು ಅದಕ್ಕಿಂತ ಮುಂಚಿನ ಹದಿನಾಲ್ಕು ವರ್ಷಗಳನ್ನು, ಒಬ್ಬ ಮಗಳ ಮತ್ತು ಒಬ್ಬ ತಾಯಿಯ ನಡುವೆ ನಡೆದುದನ್ನು ಹೆಚ್ಚಾಗಿ ನೋಡೋಣ. ಪವಿತ್ರ ಬೈಬಲ್ಲನ್ನು ಹತ್ತಿರದಲ್ಲೇ ಇಟ್ಟುಕೊಳ್ಳಿ, ನಡುವೆ ಬೇಕಾಗುತ್ತದೆ.

ಮರದ ವ್ಯಾಪಾರಿಯ ಮನೆ

ಎಡಿತ್ ಹುಟ್ಟಿದ್ದು 1891ರ ಅಕ್ಟೋಬರ್ 12ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಇಂದು ಆ ನಗರ ಪೋಲೆಂಡಿನಲ್ಲಿದೆ. ಮನೆತನ ಯೆಹೂದ್ಯರದು. ಅವರು ಹುಟ್ಟಿದ ದಿನ ಯೆಹೂದ್ಯರ ದೋಷಪರಿಹಾರಕ ದಿನವಾಗಿತ್ತು. ವರ್ಷದಲ್ಲೇ ಅತ್ಯಂತ ಪವಿತ್ರವಾದ ಉಪವಾಸದ ದಿನ ಅದು. ಹನ್ನೊಂದು ಮಕ್ಕಳಲ್ಲಿ ಕೊನೆಯವಳಾಗಿ ಅಂಥ ದಿನ ಹುಟ್ಟಿದ ಈ ಮಗುವನ್ನು ತಾಯಿ ಔಗುಸ್ಟೆ ವಿಶೇಷವಾಗಿ ಪ್ರೀತಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಎಡಿತ್‌ಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಅವರದು ಮರದ ವ್ಯಾಪಾರ. ಹನ್ನೊಂದು ಮಕ್ಕಳಲ್ಲಿ ಉಳಿದದ್ದು ಏಳು. ಅವರನ್ನು ಕಟ್ಟಿಕೊಂಡು ಆ ವಿಧವೆ ವ್ಯಾಪಾರವನ್ನು ತಾನೇ ವಹಿಸಿಕೊಂಡರು, ಅದನ್ನು ಬೆಳೆಸಿದರು, ಮಕ್ಕಳನ್ನು ಓದಿಸಿದರು. ತಮಗೆ ಬಂದ ಯಶಸ್ಸೆಲ್ಲ ದೇವರ ಕೈಯಿಂದಲೇ ಬಂದದ್ದು ಎಂದು ನಂಬಿದ ಹೆಂಗಸು ಆಕೆ. ಉಪವಾಸದ ದಿನ ಇಳಿವಯಸ್ಸಿನಲ್ಲೂ ಹನಿ ನೀರು ಮುಟ್ಟುತ್ತಿರಲಿಲ್ಲ.

ಓದುಗರೇ, ಈ ತಾಯಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿ. ಇಂಥ ಕಥೆಗಳನ್ನು ಹೇಳುವಾಗ ವಿರೋಧಿಸಿದವರನ್ನು ಮೂಢರೆಂದೋ ಕಲ್ಲೆದೆಯವರೆಂದೋ ಚಿತ್ರಿಸುವ ಅಭ್ಯಾಸ ನಮ್ಮಲ್ಲಿ ಇದೆ. ಪ್ರಸಂಗಗಳಲ್ಲೂ ನಾನು ಅದನ್ನು ಕೇಳಿದ್ದೇನೆ. ಔಗುಸ್ಟೆ ಸ್ಟೈನ್ ಎರಡೂ ಅಲ್ಲ. ಆಕೆ ಅಬ್ರಹಾಮನ ದೇವರನ್ನು ನಂಬಿದವರು. ಮಾತೆ ಮರಿಯಮ್ಮನವರು ಹಾಡಿದ ಕೀರ್ತನೆಗಳನ್ನೇ ಹಾಡಿದವರು.

ಮಗಳಾದರೋ ಹದಿನೈದರ ಸುಮಾರಿಗೆ ಪ್ರಾರ್ಥನೆ ಮಾಡುವುದನ್ನೇ ಬಿಟ್ಟಳು. ಬೇಕೆಂದೇ ಬಿಟ್ಟಳು. ತತ್ವಶಾಸ್ತ್ರ ಓದಲು 1913ರಲ್ಲಿ ಗ್ಯೊಟ್ಟಿಂಗೆನ್‌ಗೆ ಹೋಗಿ, ಎಡ್ಮಂಡ್ ಹುಸ್ಸೆರ್ಲ್ ಎಂಬ ಪ್ರಸಿದ್ಧ ತತ್ವಜ್ಞಾನಿಯ ಶಿಷ್ಯೆಯಾದಳು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ರೆಡ್‌ಕ್ರಾಸ್ ದಾದಿಯಾಗಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡಿದಳು. 1916ರಲ್ಲಿ ಡಾಕ್ಟರೇಟ್ ಪದವಿ ಬಂತು.

ದೇವರು ಆಕೆಯ ಕಡೆಗೆ ಹೆಜ್ಜೆ ಇಟ್ಟಿದ್ದು ದೊಡ್ಡ ವಾದಗಳ ಮೂಲಕವಲ್ಲ. ಒಮ್ಮೆ ಫ್ರಾಂಕ್‌ಫರ್ಟಿನ ಪ್ರಧಾನಾಲಯವನ್ನು ನೋಡಲು ಹೋಗಿದ್ದಾಗ, ಸಂತೆಯ ಬುಟ್ಟಿ ಹಿಡಿದ ಒಬ್ಬ ಹೆಂಗಸು ಒಳಗೆ ಬಂದು ಮೊಣಕಾಲೂರಿ ಪ್ರಾರ್ಥಿಸಿದ್ದನ್ನು ಎಡಿತ್ ಕಂಡಳು. ಪೂಜೆಯ ಹೊತ್ತಲ್ಲ, ದೇವಾಲಯ ಖಾಲಿ. ಆಪ್ತರೊಬ್ಬರನ್ನು ಮಾತನಾಡಿಸಲು ಬಂದಂತೆ ಆಕೆ ಬಂದಿದ್ದಳು. ಅದನ್ನು ಎಡಿತ್ ಮರೆಯಲಿಲ್ಲ. (ಆ ಹೆಂಗಸಿಗೆ ತಾನು ಏನು ಮಾಡಿದೆನೆಂದು ಸಾಯುವವರೆಗೂ ಗೊತ್ತಾಗಿರಲಾರದು. ಸಂತೆಗೆ ಹೋಗುವ ದಾರಿಯಲ್ಲಿ ದೇವಾಲಯದೊಳಕ್ಕೆ ಎರಡು ನಿಮಿಷ ಹೋಗಿಬರುವವರು ಇದನ್ನು ನೆನಪಿಡಲಿ.) 1917ರಲ್ಲಿ ಆಕೆಯ ಗುರುಗಳಲ್ಲಿ ಒಬ್ಬರಾದ ಅಡಾಲ್ಫ್ ರೈನಾಖ್ ಯುದ್ಧದಲ್ಲಿ ಮಡಿದರು. ಅವರ ಪತ್ನಿಯನ್ನು ಸಂತೈಸಲು ಹೋದ ಎಡಿತ್, ಆ ಕ್ರೈಸ್ತ ವಿಧವೆಯಲ್ಲಿ ಕಂಡ ಶಾಂತಿಯಿಂದ ತಾನೇ ಬೆರಗಾದಳು. ಕೊನೆಗೆ 1921ರ ಬೇಸಿಗೆಯಲ್ಲಿ, ಬೆರ್ಗ್‌ಜಾಬರ್ನ್ ಎಂಬ ಊರಿನ ಗೆಳತಿಯ ಮನೆಯಲ್ಲಿ, ಅವಿಲಾದ ಸಂತ ತೆರೇಸಮ್ಮನವರ ಆತ್ಮಕಥೆ ಕೈಗೆ ಬಂತು. ಓದಿ ಮುಗಿಸುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. 1922ರ ಜನವರಿ 1ರಂದು ಅದೇ ಊರಿನಲ್ಲಿ ದೀಕ್ಷಾಸ್ನಾನ ಪಡೆದರು.

ಇನ್ನು ತಾಯಿಗೆ ಹೇಳಬೇಕಿತ್ತು.

ಪತ್ರ ಬರೆಯಬಹುದಿತ್ತು. ಬೇರೆಯವರ ಮೂಲಕ ತಿಳಿಸಬಹುದಿತ್ತು. ಮುಚ್ಚಿಡಲೂ ಬಹುದಿತ್ತು, ಊರು ಬೇರೆಯಲ್ಲವೇ? ಎಡಿತ್ ಬ್ರೆಸ್ಲಾವ್‌ಗೆ ಹೋಗಿ, ತಾಯಿಯ ಮುಂದೆ ಮೊಣಕಾಲೂರಿ, ತಾನು ಕಥೋಲಿಕಳಾಗಿರುವುದನ್ನು ತಾನೇ ಹೇಳಿದರು. ಬೈಗುಳ ನಿರೀಕ್ಷಿಸಿದ್ದರು, ಮನೆಯಿಂದ ಹೊರಗೆ ಹಾಕಿದರೂ ಹಾಕಬಹುದು ಎಂದುಕೊಂಡಿದ್ದರು. ತಾಯಿ ಬೈಯಲಿಲ್ಲ. ಅತ್ತರು. ಗಂಡ ಸತ್ತಾಗಲೂ ಎದೆಗುಂದದೆ ಮರದ ಅಂಗಳ ನಡೆಸಿದ ಆ ಹೆಂಗಸು ಅಳುವುದನ್ನು ಮಗಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಹನ್ನೊಂದು ವರ್ಷದ ಕಾಯುವಿಕೆ

ಇಲ್ಲಿಂದ ಮುಂದಿನದು ನಮ್ಮ ಪಾಠದ ತಿರುಳು. ದೀಕ್ಷಾಸ್ನಾನದ ದಿನದಿಂದಲೇ ಎಡಿತ್‌ಗೆ ಕಾರ್ಮೆಲ್ ಮಠ ಸೇರುವ ಆಸೆ. ಆಕೆಯ ಆತ್ಮಿಕ ಸಲಹೆಗಾರರಾಗಿದ್ದ ಗುರುಗಳು ಬೇಡವೆಂದರು. ಒಂದು ಕಾರಣ, ಹೊರಗಿನ ಲೋಕದಲ್ಲಿ ಆಕೆಯಿಂದ ಧರ್ಮಸಭೆಗೆ ಆಗಬೇಕಾದ ಕೆಲಸ ಬಹಳವಿತ್ತು. ಇನ್ನೊಂದು ಕಾರಣ ತಾಯಿ. ಮೊದಲ ಪೆಟ್ಟಿನಿಂದಲೇ ಚೇತರಿಸಿಕೊಳ್ಳದ ತಾಯಿಗೆ ಎರಡನೆಯ ಪೆಟ್ಟು ಕೊಡುವುದು ಬೇಡ.

ಎಡಿತ್ ಕಾದರು. ಸ್ಪೈಯರ್ ನಗರದಲ್ಲಿ ದೊಮಿನಿಕನ್ ಕನ್ಯಾಸ್ತ್ರೀಯರ ಶಾಲೆಯಲ್ಲಿ 1923ರಿಂದ 1931ರವರೆಗೆ ಪಾಠ ಹೇಳಿದರು. ಊರೂರಿಗೆ ಹೋಗಿ ಮಹಿಳೆಯರ ಶಿಕ್ಷಣದ ಬಗ್ಗೆ ಉಪನ್ಯಾಸ ಕೊಟ್ಟರು. 1932ರಲ್ಲಿ ಮ್ಯೂನ್‌ಸ್ಟರ್‌ನ ಶಿಕ್ಷಣ ಸಂಸ್ಥೆಯೊಂದರಲ್ಲಿ ಅಧ್ಯಾಪಕಿಯಾದರು. ರಜೆಗೆ ಮನೆಗೆ ಬಂದಾಗ ತಾಯಿಯ ಜೊತೆ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೂ ಹೋಗುತ್ತಿದ್ದರು. ಅಲ್ಲಿ ಹಾಡುವ ಕೀರ್ತನೆಗಳನ್ನು ತಮ್ಮ ಕೈಯಲ್ಲಿದ್ದ ಧರ್ಮಸಭೆಯ ಪ್ರಾರ್ಥನಾ ಪುಸ್ತಕದಿಂದ ಓದಿಕೊಳ್ಳುತ್ತಿದ್ದರು. ಕೀರ್ತನೆ ಎರಡು ಕಡೆಯೂ ಅದೇ ತಾನೇ?

ಕೆಲವರಿಗೆ ಇದು ಹೇಡಿತನವೆನಿಸಬಹುದು. ಸುವಾರ್ತೆಯಲ್ಲಿ ಅಷ್ಟು ಖಂಡಿತವಾಗಿ ಬರೆದಿಲ್ಲವೇ ಎಂದು ಕೇಳಬಹುದು. ಬರೆದಿದೆ. ಮತ್ತಾಯನ ಶುಭಸಂದೇಶ 10ನೆಯ ಅಧ್ಯಾಯದ 37ನೆಯ ವಚನ ತೆಗೆಯಿರಿ. ತಂದೆತಾಯಿಯನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನಗೆ ತಕ್ಕವನಲ್ಲ ಎಂಬ ಅರ್ಥದ ಮಾತು ಪ್ರಭು ಯೇಸುವಿನ ಬಾಯಿಂದಲೇ ಬಂದಿದೆ. ಅದನ್ನು ನೀರು ಬೆರೆಸಿ ತೆಳ್ಳಗೆ ಮಾಡುವ ಹಾಗಿಲ್ಲ.

ಆದರೆ ಬೆರಳನ್ನು ಅಲ್ಲೇ ಇಟ್ಟು, ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯವನ್ನೂ ತೆಗೆಯಿರಿ, 9ರಿಂದ 13ರವರೆಗೆ. ಅಲ್ಲಿ ಇದೇ ಯೇಸುಸ್ವಾಮಿ, ದೇವರಿಗೆ ಮೀಸಲು ಎಂಬ ಹೆಸರು ಹೇಳಿ ಹೆತ್ತವರಿಗೆ ಕೊಡಬೇಕಾದುದನ್ನು ತಪ್ಪಿಸುತ್ತಿದ್ದ ಭಕ್ತರನ್ನು ಕಟುವಾಗಿ ಖಂಡಿಸುತ್ತಾರೆ. ‘ಕೊರ್ಬಾನ್’ ಎಂದು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಅಪ್ಪ ಅಮ್ಮನಿಗೆ ಆ ಆಸ್ತಿಯಿಂದ ಏನೂ ಕೊಡಬೇಕಾಗಿರಲಿಲ್ಲ. ದೇವರ ಹೆಸರಿನಲ್ಲಿ ದೇವರ ಕಟ್ಟಳೆಯನ್ನೇ ಮುರಿಯುವ ಚಮತ್ಕಾರ.

ಒಂದೇ ಬಾಯಿಂದ ಬಂದ ಈ ಎರಡು ಮಾತುಗಳ ನಡುವೆ ಎಡಿತ್ ಹನ್ನೊಂದು ವರ್ಷ ಬದುಕಿದರು. ಬಲಿಪೂಜೆ, ಪರಮಪ್ರಸಾದ ಯಾವುದನ್ನೂ ಬಿಡಲಿಲ್ಲ. ತಾನು ಯಾರೆಂಬುದನ್ನು ಯಾರಿಂದಲೂ ಬಚ್ಚಿಡಲಿಲ್ಲ. ಅದೇ ಹೊತ್ತಿಗೆ ‘ನನಗೆ ದೇವರು ಸಿಕ್ಕಿದ್ದಾರೆ, ಇನ್ನು ನೀವು ಏನಾದರೂ ಆಗಿ’ ಎಂದು ಮನೆಯ ಬಾಗಿಲು ಎಳೆದುಕೊಂಡೂ ಹೋಗಲಿಲ್ಲ. ಪ್ರಭುವನ್ನು ಹೆಚ್ಚಾಗಿ ಪ್ರೀತಿಸುವುದೆಂದರೆ ತಾಯಿಯನ್ನು ಕಡಿಮೆ ಪ್ರೀತಿಸುವುದು ಎಂದು ಆಕೆ ತಿಳಿದುಕೊಳ್ಳಲಿಲ್ಲ. ನಮ್ಮಲ್ಲಿ ಹೊಸದಾಗಿ ಭಕ್ತಿ ಹತ್ತಿದವರು, ಧ್ಯಾನಕೂಟದಿಂದ ಮರಳಿದ ಮೊದಲ ವಾರದಲ್ಲೇ ಮನೆಯವರೊಡನೆ ಜಗಳಕ್ಕೆ ನಿಲ್ಲುವುದನ್ನು ನೋಡಿದಾಗ ನನಗೆ ಈ ಹನ್ನೊಂದು ವರ್ಷಗಳು ನೆನಪಾಗುತ್ತವೆ. ದೇವರ ಸಂಕಲ್ಪದಲ್ಲಿ ಭರವಸೆ ಇಟ್ಟವರಿಗೆ ಅವಸರ ಏಕೆ?

ಬಾಗಿಲು ಮುಚ್ಚಿದ ವರ್ಷ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದ್ಯರನ್ನು ಹುದ್ದೆಗಳಿಂದ ತೆಗೆಯುವ ಕಾನೂನು ಏಪ್ರಿಲ್ ತಿಂಗಳಲ್ಲೇ ಬಂತು. ಕಥೋಲಿಕರಾಗಿದ್ದರೂ ಎಡಿತ್ ಹುಟ್ಟಿನಿಂದ ಯೆಹೂದ್ಯರು. ಮ್ಯೂನ್‌ಸ್ಟರ್‌ನ ಕೆಲಸ ಹೋಯಿತು. ಅದೇ ತಿಂಗಳಲ್ಲಿ ಅವರು ಪರಮಗುರು ಹನ್ನೊಂದನೆಯ ಭಕ್ತಿನಾಥರಿಗೆ (ಪೋಪ್ ಪಯಸ್) ಪತ್ರ ಬರೆದು, ಯೆಹೂದ್ಯರ ಮೇಲಾಗುತ್ತಿರುವ ಅನ್ಯಾಯದ ಬಗ್ಗೆ ಧರ್ಮಸಭೆ ಮೌನವಾಗಿರಬಾರದೆಂದು ಬೇಡಿಕೊಂಡರು. ಆ ಪತ್ರ ಲೋಕಕ್ಕೆ ಪ್ರಕಟವಾದದ್ದು 2003ರಲ್ಲಿ.

ದಕ್ಷಿಣ ಅಮೆರಿಕದಲ್ಲಿ ಅಧ್ಯಾಪಕಿಯ ಕೆಲಸವೊಂದು ಸಿಗುವ ಹಾಗಿತ್ತು. ಆದರೆ ಎಡಿತ್‌ಗೆ ಬೇರೊಂದು ಆಲೋಚನೆ ಬಂದಿತ್ತು. ಹೊರಲೋಕದ ಕೆಲಸ ತಾನಾಗಿಯೇ ಮುಗಿದಿದೆ, ಹಾಗಾದರೆ ಮಠದ ಬಾಗಿಲು ಈಗ ತೆರೆಯಿತೇ? ಏಪ್ರಿಲ್ 30ರಂದು, ಒಳ್ಳೆಯ ಕುರಿಗಾಹಿಯ ಭಾನುವಾರ, ಮ್ಯೂನ್‌ಸ್ಟರ್‌ನ ಸಂತ ಲುಡ್ಗರ್ ದೇವಾಲಯಕ್ಕೆ ಹೋದರು. ಅಲ್ಲಿ ಅಂದು ಹದಿಮೂರು ಗಂಟೆಗಳ ಪ್ರಾರ್ಥನೆ ನಡೆಯುತ್ತಿತ್ತು. ಉತ್ತರ ಸ್ಪಷ್ಟವಾಗುವವರೆಗೆ ಎದ್ದುಹೋಗುವುದಿಲ್ಲ ಎಂದು ನಿರ್ಧರಿಸಿ ಕುಳಿತರು. ಕೊನೆಯ ಆಶೀರ್ವಾದದ ಹೊತ್ತಿಗೆ ಉತ್ತರ ಸಿಕ್ಕಿತ್ತು.

ಬೇಸಿಗೆಯ ಕೊನೆಗೆ ಬ್ರೆಸ್ಲಾವ್‌ಗೆ ಹೋದರು. ಸೆಪ್ಟೆಂಬರ್‌ನ ಮೊದಲ ಭಾನುವಾರ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಕಿಟಕಿಯ ಬಳಿ ಕುಳಿತು ಉಣ್ಣೆ ಹೆಣೆಯುತ್ತಿದ್ದರು. ಕೊಲೋನ್‌ನ ಕನ್ಯಾಸ್ತ್ರೀಯರ ಹತ್ತಿರ ಹೋಗಿ ಏನು ಮಾಡುತ್ತೀಯೆಂದು ಕೇಳಿದರು. ಅವರ ಜೊತೆಯಲ್ಲೇ ಬಾಳುತ್ತೇನೆ ಎಂದು ಮಗಳು ಹೇಳಿದಳು. ಆ ಮಾತಿಗೆ ಮುದುಕಿಯ ಕೈ ನಡುಗಿ ದಾರದ ಉಂಡೆ ಸಿಕ್ಕುಸಿಕ್ಕಾಯಿತು. ಅದನ್ನು ಬಿಡಿಸಲು ತಾಯಿ ಒದ್ದಾಡುತ್ತಿದ್ದರೆ, ಮಗಳೂ ಕೈ ಹಾಕಿ ಬಿಡಿಸುತ್ತಾ ಕುಳಿತಳು. ಮಾತು ಮುಂದುವರಿಯಿತು.

ಎಡಿತ್ ಈ ಘಟನೆಯನ್ನು ತಾವೇ ಬರೆದಿಟ್ಟಿದ್ದಾರೆ. ಸಂತರ ಜೀವನದಲ್ಲಿ ದರ್ಶನಗಳನ್ನು, ಪವಾಡಗಳನ್ನು ಹುಡುಕುವ ನಾವು ಈ ದಾರದ ಉಂಡೆಯನ್ನು ನೋಡದೆ ದಾಟಿಬಿಡುತ್ತೇವೆ. ಇಬ್ಬರಿಗೂ ಒಪ್ಪಿಗೆಯಾಗದ ಮಾತು ನಡೆಯುತ್ತಿದೆ, ಇಬ್ಬರೂ ಸೋಲುವವರಲ್ಲ. ಆದರೂ ನಾಲ್ಕು ಕೈಗಳು ಒಂದೇ ದಾರದಲ್ಲಿವೆ.

ಮನೆಯವರಿಗೆ ಅರ್ಥವಾಗದ ಇನ್ನೊಂದು ವಿಷಯವಿತ್ತು. ಯೆಹೂದ್ಯರಿಗೆ ಇಷ್ಟು ಕಷ್ಟ ಬಂದಿರುವಾಗಲೇ ಈಕೆ ಹೋಗಬೇಕೇ? ತನ್ನವರನ್ನು ಬಿಟ್ಟು ಕ್ರೈಸ್ತರ ಗೋಡೆಗಳೊಳಗೆ ಸುಖವಾಗಿ ಇರಲು ಹೊರಟಳೇ? ಹನ್ನೆರಡು ವರ್ಷದ, ಅಕ್ಕನ ಮಗಳು ಈ ಪ್ರಶ್ನೆಯನ್ನು ಚಿಕ್ಕಮ್ಮನ ಮುಖಕ್ಕೇ ಕೇಳಿದಳು. ತಾನು ಯಾರನ್ನೂ ಬಿಟ್ಟುಹೋಗುತ್ತಿಲ್ಲ, ಎಂದಿಗೂ ನಿಮ್ಮವಳೇ ಎಂಬ ಅರ್ಥದ ಉತ್ತರ ಸಿಕ್ಕಿತು. ಆ ಹುಡುಗಿಗೆ ಅದು ಸಾಕಾಗಲಿಲ್ಲ. ದೊಡ್ಡವಳಾದ ಮೇಲೆ ಆಕೆ ಚಿಕ್ಕಮ್ಮನ ಬಗ್ಗೆ ಪುಸ್ತಕವನ್ನೇ ಬರೆದರು, ಯೆಹೂದ್ಯರಾಗಿಯೇ ಉಳಿದರು. ಆ ನೋವು ನ್ಯಾಯವಾದದ್ದು. ಸಂತರಾಗುವವರ ಮನೆಯವರಿಗೂ ನೋವಾಗುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಅಕ್ಟೋಬರ್ 12, 1933. ಎಡಿತ್‌ಗೆ ನಲವತ್ತೆರಡು ತುಂಬಿದ ದಿನ, ಮನೆಯಲ್ಲಿ ಕೊನೆಯ ದಿನ. ಯೆಹೂದ್ಯರ ಪರ್ಣಕುಟೀರಗಳ ಹಬ್ಬ ಅಂದೇ ಮುಗಿಯುತ್ತಿತ್ತು. ತಾಯಿ ಮಗಳು ಕೂಡಿ ಪ್ರಾರ್ಥನಾಮಂದಿರಕ್ಕೆ ಹೋದರು. ಹೋಗುವಾಗ ಟ್ರಾಮ್‌ನಲ್ಲಿ. ಬರುವಾಗ ತಾಯಿ ನಡೆದೇ ಹೋಗೋಣವೆಂದರು. ಮುಕ್ಕಾಲು ಗಂಟೆಯ ದಾರಿ, ಆಕೆಗೆ ಎಂಬತ್ತನಾಲ್ಕು ವರ್ಷ. ಮಗಳೊಡನೆ ಮಾತನಾಡಬೇಕಿತ್ತು, ಅದಕ್ಕೇ ನಡೆದದ್ದು.

ಇಂದಿನ ಪ್ರಸಂಗ ಚೆನ್ನಾಗಿರಲಿಲ್ಲವೇ ಎಂದು ತಾಯಿ ಕೇಳಿದರು. ಚೆನ್ನಾಗಿತ್ತು ಎಂದು ಮಗಳು ಒಪ್ಪಿದಳು. ಹಾಗಾದರೆ ಯೆಹೂದ್ಯರಾಗಿದ್ದೂ ಭಕ್ತರಾಗಿರಬಹುದು ಅಲ್ಲವೇ? ಇರಬಹುದು, ಅದಕ್ಕಿಂತ ಹೆಚ್ಚಿನದನ್ನು ಕಂಡಿರದಿದ್ದರೆ ಎಂದಳು ಮಗಳು. ಆಗ ಆ ತಾಯಿ ತನ್ನ ಮನಸ್ಸಿನಲ್ಲಿದ್ದುದನ್ನು ಬಿಚ್ಚಿಟ್ಟರು. ಯೇಸುವಿನ ಬಗ್ಗೆ ತನಗೆ ಯಾವ ದೂರೂ ಇಲ್ಲ, ಆತ ಬಹಳ ಒಳ್ಳೆಯ ಮನುಷ್ಯನೇ ಇದ್ದಿರಬಹುದು, ಆದರೆ ತನ್ನನ್ನೇ ದೇವರನ್ನಾಗಿ ಏಕೆ ಮಾಡಿಕೊಂಡ?

ಇದು ತಿಳಿಯದವರ ಪ್ರಶ್ನೆಯಲ್ಲ. ಯೊವಾನ್ನನ ಶುಭಸಂದೇಶ 10ನೆಯ ಅಧ್ಯಾಯದ 33ನೆಯ ವಚನದಲ್ಲಿ ಜೆರುಸಲೇಮಿನವರು ಪ್ರಭುವಿನ ಮುಂದೆ ಇಟ್ಟ ಆಕ್ಷೇಪಣೆಯೇ ಇದು. ದೇವರೊಬ್ಬರೇ ಎಂದು ಬೆಳಿಗ್ಗೆ ಸಂಜೆ ಪ್ರಾರ್ಥಿಸುತ್ತಾ ಎಂಬತ್ತು ವರ್ಷ ಬಾಳಿದ ಹೆಂಗಸು ಇನ್ನೇನು ಕೇಳಬೇಕಿತ್ತು? ಮಗಳು ತತ್ವಶಾಸ್ತ್ರದ ಪಂಡಿತೆ. ಸಂತ ಥಾಮಸ್ ಅಕ್ವಿನಾಸರ ಗ್ರಂಥವನ್ನು ಜರ್ಮನ್ ಭಾಷೆಗೆ ತಂದವಳು. ಆದರೂ ಆ ದಾರಿಯಲ್ಲಿ ತಾಯಿಯನ್ನು ವಾದದಿಂದ ಸೋಲಿಸಲು ಹೋಗಲಿಲ್ಲ. ಆ ಪ್ರಶ್ನೆಯನ್ನು ಇದ್ದಂತೆಯೇ, ತಾಯಿಗೆ ಅನ್ಯಾಯವಾಗದಂತೆ ಬರೆದಿಟ್ಟಳು.

ರಾತ್ರಿ ಬಂದಿದ್ದ ನೆಂಟರು ಒಬ್ಬೊಬ್ಬರಾಗಿ ಹೊರಟರು. ತಾಯಿ ಕೈಗಳಲ್ಲಿ ಮುಖ ಮುಚ್ಚಿ ಅಳತೊಡಗಿದರು. ಎಡಿತ್ ಅವರ ಹಿಂದೆ ನಿಂತು ಆ ಬಿಳಿ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡರು. ಬಹಳ ಹೊತ್ತು ಹಾಗೆಯೇ ಇದ್ದರು. ಆ ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಮರುದಿನ ರೈಲು ಹೊರಟಾಗ ಮನಸ್ಸಿನಲ್ಲಿ ಸಂಭ್ರಮವೇನೂ ಇರಲಿಲ್ಲ, ಹಾಗೆ ಸಂಭ್ರಮಿಸಲು ಬಿಟ್ಟುಬಂದದ್ದು ಅಂಥದ್ದಲ್ಲ ಎಂದು ಎಡಿತ್ ಒಪ್ಪಿಕೊಂಡಿದ್ದಾರೆ. ಇದ್ದದ್ದು ಶಾಂತಿ ಮಾತ್ರ. ಅಕ್ಟೋಬರ್ 14ರಂದು ಕೊಲೋನ್‌ನ ಕಾರ್ಮೆಲ್ ಮಠದ ಬಾಗಿಲು ಅವರ ಹಿಂದೆ ಮುಚ್ಚಿತು.

‘ನನಗೆ ದೇವರ ಚಿತ್ತ ಗೊತ್ತಾಗಿದೆ, ಆದ್ದರಿಂದ ನನಗೆ ಏನೂ ಅನಿಸುವುದಿಲ್ಲ’ ಎನ್ನುವವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಪ್ರಭುವಿಗೇ ಅನಿಸಿತ್ತು.

ಕುರುಡನ ತಂದೆತಾಯಿ

ಇಲ್ಲಿ ಒಂದು ಕ್ಷಣ ನಿಂತು ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿ. ಮನೆಮಂದಿ ಪಾತ್ರಗಳನ್ನು ಹಂಚಿಕೊಂಡು ಓದಿದರೆ ಇನ್ನೂ ಒಳ್ಳೆಯದು, ಮಕ್ಕಳಿಗೂ ಇಷ್ಟವಾಗುತ್ತದೆ. ಹುಟ್ಟುಕುರುಡನಿಗೆ ಕಣ್ಣು ಬರುತ್ತದೆ. ಊರಿನ ಧರ್ಮಪಂಡಿತರಿಗೆ ಅದು ಹಿಡಿಸುವುದಿಲ್ಲ. ಅವನ ತಂದೆತಾಯಿಯನ್ನು ಕರೆಸುತ್ತಾರೆ. ಅವರು ಹೆದರಿ, ಇವನು ನಮ್ಮ ಮಗನೇ ಹೌದು, ಉಳಿದದ್ದು ನಮಗೆ ಗೊತ್ತಿಲ್ಲ, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಕೊನೆಗೆ ಮಗನನ್ನು ಹೊರಗೆ ಅಟ್ಟಲಾಗುತ್ತದೆ.

ಇದನ್ನು ಓದುವಾಗ ನಾವು ಸಾಮಾನ್ಯವಾಗಿ ಕುರುಡನ ಪಕ್ಕದಲ್ಲಿ ನಿಂತುಕೊಳ್ಳುತ್ತೇವೆ. ಈ ಸಲ ಬೇರೆ ಜಾಗದಲ್ಲಿ ನಿಂತು ನೋಡಿ. ಎಷ್ಟೋ ಮನೆಗಳಲ್ಲಿ ನಾವೇ ಆ ತಂದೆತಾಯಿ. ಮಗನಿಗೆ ಗುರುವಾಗುವ ಆಸೆ ಎಂದು ತಿಳಿದಾಗ ನೆಂಟರು ಏನೆನ್ನುತ್ತಾರೋ ಎಂದು ಹೆದರಿದವರು ನಾವು. ಎಷ್ಟೋ ಧರ್ಮಕೇಂದ್ರಗಳಲ್ಲಿ ನಾವು ಆ ಪಂಡಿತರೂ ಹೌದು. ಮನೆಯವರ ಮುನಿಸು ಹೊತ್ತು ಬಂದು ದೀಕ್ಷಾಸ್ನಾನ ಪಡೆದವರು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕುಳಿತಿರುತ್ತಾರೆ. ಕ್ರಿಸ್ಮಸ್ ಕುಸ್ವಾರ್ ಹಂಚುವಾಗ ಅವರ ಮನೆ ನಮಗೆ ನೆನಪಾಗುವುದಿಲ್ಲ. ಅತ್ತ ಹುಟ್ಟಿದ ಮನೆಯೂ ಇಲ್ಲ, ಇತ್ತ ಸೇರಿದ ಮನೆಯೂ ಇಲ್ಲ.

35ನೆಯ ವಚನವನ್ನು ಎರಡು ಸಲ ಓದಿ. ಅಟ್ಟಿದ ಸುದ್ದಿ ಕೇಳಿದ ಯೇಸು ಆ ಮನುಷ್ಯನನ್ನು ಹುಡುಕಿಕೊಂಡು ಹೋಗುತ್ತಾರೆ. ಅವನಾಗಿ ಬರಲಿ ಎಂದು ಕಾಯುವುದಿಲ್ಲ.

ವಾರಕ್ಕೊಂದು ಪತ್ರ

ಮಠದಿಂದ ಎಡಿತ್ ಪ್ರತಿ ವಾರ ತಾಯಿಗೆ ಪತ್ರ ಬರೆದರು. ಉತ್ತರವಿಲ್ಲ. ಮುಂದಿನ ವಾರ ಮತ್ತೆ ಬರೆದರು. ಮನೆಯ ಸುದ್ದಿ ಬರುತ್ತಿದ್ದುದು ಅಕ್ಕ ರೋಸಾಳ ಪತ್ರಗಳಲ್ಲಿ ಮಾತ್ರ. 1934ರ ಏಪ್ರಿಲ್‌ನಲ್ಲಿ ಮಠದ ಉಡುಪು ಧರಿಸಿದಾಗ ಮನೆಯಿಂದ ಯಾರೂ ಬರಲಿಲ್ಲ. ಕೆಲವು ಕಾಲ ಕಳೆದ ಮೇಲೆ, ರೋಸಾಳ ಪತ್ರದ ಕೊನೆಯಲ್ಲಿ ತಾಯಿಯ ಕೈಯಿಂದ ಒಂದೆರಡು ಸಾಲು ಕಾಣತೊಡಗಿದವು. ಅಷ್ಟೇ. ಒಪ್ಪಿಗೆಯಲ್ಲ, ಆಶೀರ್ವಾದವೂ ಅಲ್ಲ. ಅಮ್ಮನ ಅಕ್ಷರ.

1936ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ವಿಜಯೋತ್ಸವ. ಕಾರ್ಮೆಲ್‌ನಲ್ಲಿ ಸಹೋದರಿಯರು ತಮ್ಮ ವ್ರತಗಳನ್ನು ನವೀಕರಿಸುವ ದಿನ. ಅದೇ ದಿನ ಬ್ರೆಸ್ಲಾವ್‌ನಲ್ಲಿ ಔಗುಸ್ಟೆ ಸ್ಟೈನ್ ಕಣ್ಣು ಮುಚ್ಚಿದರು. ಮಗಳು ಹತ್ತಿರ ಇರಲಿಲ್ಲ.

ಆ ಮೇಲೆ ಒಂದು ಸುದ್ದಿ ಹರಡಿತು. ಸಾಯುವ ಮುಂಚೆ ಆ ತಾಯಿ ಕಥೋಲಿಕರಾದರಂತೆ ಎಂದು. ಹೇಳಿದವರಿಗೆ ಸಂತೋಷ, ಕೇಳಿದವರಿಗೂ ಸಂತೋಷ. ಇಂಥ ಸುದ್ದಿ ಯಾರಿಗೆ ಬೇಡ? ಎಡಿತ್ ಸುಮ್ಮನಿದ್ದಿದ್ದರೂ ಸಾಕಿತ್ತು. ಅವರು ಸುಮ್ಮನಿರಲಿಲ್ಲ. ಅದು ಬುಡವಿಲ್ಲದ ಮಾತು, ತನ್ನ ತಾಯಿ ತಾನು ನಂಬಿದ ವಿಶ್ವಾಸದಲ್ಲೇ ಕೊನೆಯವರೆಗೂ ನಿಂತಳು ಎಂದು ಪತ್ರದಲ್ಲಿ ಖಂಡಿತವಾಗಿ ಬರೆದರು. ಆಕೆಗೆ ಕರುಣೆಯುಳ್ಳ ನ್ಯಾಯಾಧೀಶರು ಸಿಕ್ಕಿರುತ್ತಾರೆ, ಈಗ ಆಕೆಯೇ ತನಗೆ ನಂಬಿಗಸ್ತ ಸಹಾಯಕಿ ಎಂಬ ಭರವಸೆಯನ್ನೂ ಬರೆದರು.

ದ್ವಿತೀಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರ ಬಗ್ಗೆ ತನ್ನ ಬೋಧನೆಯನ್ನು ಪ್ರಕಟಿಸಿದ್ದು 1965ರ ಅಕ್ಟೋಬರ್ 28ರಂದು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯವನ್ನು ಆಧರಿಸಿ, ದೇವರು ಆ ಜನಾಂಗಕ್ಕೆ ಕೊಟ್ಟ ವರಗಳನ್ನು ಹಿಂತೆಗೆದುಕೊಂಡಿಲ್ಲ ಎಂದು ಅದು ಹೇಳಿತು. ಅದಕ್ಕೂ ಇಪ್ಪತ್ತೊಂಬತ್ತು ವರ್ಷ ಮೊದಲು ಒಬ್ಬ ಕನ್ಯಾಸ್ತ್ರೀ ತನ್ನ ತಾಯಿಯನ್ನು ಆ ದೇವರ ಕೈಗೇ ಒಪ್ಪಿಸಿದ್ದರು. ನಮ್ಮ ವಿಶ್ವಾಸವನ್ನು ಒಪ್ಪದೆ ತೀರಿಹೋದ ಪ್ರಿಯರ ಬಗ್ಗೆ ಒಳಗೊಳಗೇ ಕೊರಗುವವರು ನಿಮ್ಮಲ್ಲಿ ಇದ್ದರೆ, ಆ ಪತ್ರವನ್ನು ನೆನೆಯಿರಿ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ಯೆಹೂದ್ಯರ ಮೇಲಿನ ದಾಳಿ ಹೆಚ್ಚಿದಾಗ, 1938ರ ಡಿಸೆಂಬರ್ 31ರಂದು ಎಡಿತ್‌ರನ್ನು ನೆದರ್‌ಲ್ಯಾಂಡ್ಸ್‌ನ ಎಖ್ಟ್ ಎಂಬ ಊರಿನ ಕಾರ್ಮೆಲ್‌ಗೆ ಕಳುಹಿಸಲಾಯಿತು. 1942ರ ಜುಲೈ 26ರಂದು ಅಲ್ಲಿನ ಬಿಷಪರು ಯೆಹೂದ್ಯರ ಸಾಗಣೆಯನ್ನು ಖಂಡಿಸಿದ ಪತ್ರವನ್ನು ದೇವಾಲಯಗಳಲ್ಲಿ ಓದಿಸಿದರು. ಅದಕ್ಕೆ ಪ್ರತೀಕಾರವಾಗಿ ಆಗಸ್ಟ್ 2ರಂದು ಕಥೋಲಿಕರಾಗಿದ್ದ ಯೆಹೂದ್ಯರನ್ನು ಬಂಧಿಸಲಾಯಿತು. ಎಡಿತ್, ರೋಸಾ ಇಬ್ಬರನ್ನೂ ಎಳೆದೊಯ್ದರು. ಆಗಸ್ಟ್ 9ರಂದು ಔಶ್ವಿಟ್ಜ್‌ನಲ್ಲಿ ಅವರ ಕೊಲೆಯಾಯಿತು. ಇಮ್ಮಡಿ ಜಾನ್ ಪಾಲ್ ಪೋಪರು 1998ರ ಅಕ್ಟೋಬರ್ 11ರಂದು ಎಡಿತ್‌ರನ್ನು ಸಂತರೆಂದು ಸಾರಿದರು. ತನ್ನವರನ್ನು ಬಿಟ್ಟು ಗೋಡೆಯೊಳಗೆ ಸುಖವಾಗಿರಲು ಹೋದಳೆಂದು ಮನೆಯವರು ನೊಂದುಕೊಂಡಿದ್ದರು. ಆಕೆ ಸತ್ತದ್ದು ತನ್ನವರ ನಡುವೆಯೇ, ತನ್ನವರ ಜೊತೆಯೇ.

ಆದರೆ ಒಂದು ಎಚ್ಚರಿಕೆ ಬೇಕು. ಸಾವಿನ ಮನೆಗಳಲ್ಲಿ ‘ಎಲ್ಲಾ ದೇವರ ಚಿತ್ತ’ ಎಂದು ಹೇಳಿ ಕಾಫಿ ಕುಡಿದು ಹೊರಡುವ ಹಾಗೆ, ಔಶ್ವಿಟ್ಜ್‌ನ ಬಗ್ಗೆಯೂ ಹೇಳಿಬಿಡಬಾರದು. ಆ ವಿಷಾನಿಲದ ಕೋಣೆಗಳನ್ನು ಕಟ್ಟಿದ್ದು ದೇವರಲ್ಲ, ಮನುಷ್ಯರ ಪಾಪ. ಕಟ್ಟಿದವರಲ್ಲಿ ದೀಕ್ಷಾಸ್ನಾನ ಪಡೆದವರೂ ಇದ್ದರು. ದೇವರ ಸಂಕಲ್ಪವನ್ನು ಹುಡುಕುವುದಾದರೆ ಬೇರೆ ಕಡೆ ಹುಡುಕಬೇಕು. ನನಗೆ ಅದು ಹೆಚ್ಚಾಗಿ ಕಾಣುವುದು ಅಕ್ಕ ರೋಸಾಳಲ್ಲಿ.

ರೋಸಾ ಬಹಳ ವರ್ಷಗಳಿಂದ ಮನಸ್ಸಿನಲ್ಲೇ ಕ್ರೈಸ್ತಳಾಗಿದ್ದಳು. ಆದರೆ ಆಕೆ ಮನೆಯಲ್ಲೇ ಇದ್ದು ತಾಯಿಯನ್ನು ನೋಡಿಕೊಳ್ಳುತ್ತಿದ್ದವಳು. ಒಬ್ಬ ಮಗಳು ಹೋದ ಮೇಲೆ ಇನ್ನೊಬ್ಬಳೂ ಹೋದಳೆಂಬ ನೋವು ತಾಯಿಗೆ ಬೇಡವೆಂದು, ತಾಯಿ ಇರುವವರೆಗೂ ದೀಕ್ಷಾಸ್ನಾನ ಪಡೆಯಲಿಲ್ಲ. ಯಾರೂ ಆಕೆಯನ್ನು ಸಂತಳೆಂದು ಸಾರಿಲ್ಲ. ತಾಯಿಯ ಮರಣದ ನಂತರ, 1936ರ ಡಿಸೆಂಬರ್‌ನಲ್ಲಿ, ಆಕೆ ಕೊಲೋನ್‌ಗೆ ಬಂದಳು. ಕಾರ್ಮೆಲ್‌ನ ಸಹೋದರಿಯರು ಮಠದ ಹೊರಗೆ ಕಾಲಿಡುವಂತಿಲ್ಲ, ಆದ್ದರಿಂದ ತಂಗಿ ಬರುವ ಹಾಗಿರಲಿಲ್ಲ. ಆದರೆ ಆ ತಿಂಗಳ 14ರಂದು ಎಡಿತ್ ಮಠದ ಮೆಟ್ಟಿಲಲ್ಲಿ ಬಿದ್ದು ಕೈ ಮತ್ತು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಅಕ್ಕನಿಗೆ ಅಲ್ಲಿ ತಂಗಿಯ ಹತ್ತಿರ ಕುಳಿತು, ನಡುವೆ ಮಠದ ಕಟಕಟೆಯಿಲ್ಲದೆ, ಮಾತನಾಡಲು ಸಾಧ್ಯವಾಯಿತು. ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ದಿನ, ರೋಸಾಳಿಗೆ ದೀಕ್ಷಾಸ್ನಾನವಾಯಿತು. ಮುರಿದ ಕೈಯ ತಂಗಿ ಹತ್ತಿರದಲ್ಲೇ ಇದ್ದಳು.